ಮಳೆ ದ್ವೀಪಕ್ಕೆ ಅಕ್ಕನ ಪ್ಲಾನು

ನಾನು ಪ್ಲಾನ್ ಮಾಡಿದ ಯಾವ ಪ್ರವಾಸವೂ ಪ್ಲಾನಿನ ಪ್ರಕಾರ ನಡೆದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರಾದರೂ ಎತ್ತಿ ಆಡಿಯೇ ತೀರುತ್ತಾರೆ. ಒಮ್ಮೆ ಟೆನೆಸಿಯ ಬೆಟ್ಟಗಳಿಗೆ ದಿನವಿಡೀ ಡ್ರೈವ್ ಮಾಡಿಕೊಂಡು ಹೋಗಿ ನೋಡಿದರೆ ಕಾಟೇಜು ಮುಂದಿನ ವಾರಕ್ಕೆ ಬುಕ್ ಆಗಿತ್ತು. ನನ್ನ ಗಂಡ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿರುವುದೇ ದೊಡ್ಡ ಬೈಗುಳ.

ಹಾಗಾಗಿ ಐವತ್ತು ತುಂಬುವ ವರ್ಷ ಕವಾಯಿಗೆ ಹೋಗಿ ಬೆಟ್ಟ ಹತ್ತುತ್ತೇನೆಂದು ನಾನು ಘೋಷಿಸಿದಾಗ ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಕವಾಯಿ ಹವಾಯಿಯ ದ್ವೀಪಗಳಲ್ಲಿ ಒಂದು. ಸುತ್ತ ಒಂದಿಷ್ಟು ಮರಳು ಬಿಟ್ಟರೆ ಉಳಿದದ್ದೆಲ್ಲ ಬೆಟ್ಟವೇ. ನಾನು ಕೆಲಸ ಮಾಡುವ ಫಾರ್ಮಸಿಯ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ಬಂದು ಎರಡು ಫೋಟೋ ತೋರಿಸಿದ್ದಳು. ಒಂದರಲ್ಲಿ ಬರೀ ಬಿಳಿ ಮೋಡ. ಇನ್ನೊಂದರಲ್ಲಿ ಹಸಿರು ಕಣಿವೆ, ಅದರ ತುದಿಗೆ ನೀಲಿ ಸಮುದ್ರ. ಎರಡನ್ನೂ ಒಂದೇ ಜಾಗದಲ್ಲಿ ನಿಂತು, ಸ್ವಲ್ಪವೇ ಹೊತ್ತಿನ ಅಂತರದಲ್ಲಿ ತೆಗೆದದ್ದಂತೆ. ನನಗೆ ಆಸೆ ಹತ್ತಿದ್ದು ಆಗ.

"ಅಮ್ಮಾ, ಯು ಡೋಂಟ್ ಈವನ್ ಲೈಕ್ ಸ್ಟೇರ್ಸ್," ಎಂದಳು ಮಗಳು.

ನನ್ನ ಗಂಡ ಬೆಟ್ಟ ಎಂಬ ಶಬ್ದ ಕೇಳಿದ ಕೂಡಲೇ ಮಂಡಿ ಹಿಡಿದುಕೊಂಡರು. ನಾನು ಹಟಕ್ಕೆ ಬಿದ್ದು, ಒಂದು ಶನಿವಾರ ಕೂತು, ಐದು ದಿನಕ್ಕೆ ಐದು ದಾರಿ ಎಂದು ಪ್ಲಾನ್ ಮಾಡಿಯೇಬಿಟ್ಟೆ. ನಮ್ಮೂರು ನೇಪರ್‌ವಿಲ್‌ನ ನದಿ ದಂಡೆಯ ಕಾಲುದಾರಿಯಲ್ಲಿ ನಾನು ಗಂಟೆಗೆ ಮೂರು ಮೈಲಿ ನಡೆಯುತ್ತೇನೆ. ಆ ಲೆಕ್ಕದಲ್ಲಿ ಎಂಟು ಮೈಲಿಗೆ ಮೂರು ಗಂಟೆ, ನಡುವೆ ಪುಳಿಯೋಗರೆಗೆ ಅರ್ಧ ಗಂಟೆ. ಮಧ್ಯಾಹ್ನದ ಮೇಲೆ ಬೀಚು. ನೋಡಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹೊಗಳಿಸಿಕೊಳ್ಳೋಣವೆಂದು ಅಕ್ಕನಿಗೆ ಕಳಿಸಿದೆ.

ಅಕ್ಕ ಇರುವುದು ಟ್ರಾಯ್ ಎಂಬ ಊರಿನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಐದು ಗಂಟೆ. ನನಗಿಂತ ಆರು ವರ್ಷ ದೊಡ್ಡವಳು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ವೈಪರ್ ಟೆಸ್ಟ್ ಮಾಡುವುದು ಅವಳ ಕೆಲಸವಾಗಿತ್ತು. ಒಂದು ಕೋಣೆಯೊಳಗೆ ಗಾಜಿನ ಮೇಲೆ ಬಗೆಬಗೆಯ ಮಳೆ ಸುರಿಸಿ, ವೈಪರ್ ಎಲ್ಲಿ ಸೋಲುತ್ತದೆಂದು ಕಾಯುತ್ತ ಕೂರುವುದು. ಯಾವುದನ್ನು ಕಂಡರೂ "ಇದ್ರಲ್ಲಿ ಏನು ಕೆಡಬಹುದು?" ಎಂದು ಕೇಳುವ ಚಟ ಅವಳಿಗೆ ಅಂಟಿದ್ದು ಅಲ್ಲಿಂದ. ಮದುವೆ ಊಟದ ಮೆನು ತೋರಿಸಿದರೂ ಅದೇ ಪ್ರಶ್ನೆ. ಸ್ನೋ ಬಿದ್ದ ದಿನ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕಾರು ಹೊರಗೆ ತೆಗೆಯುತ್ತಿದ್ದವಳೂ ಅವಳೇ.

ಎರಡು ಚಳಿಗಾಲದ ಹಿಂದೆ ಇದೇ ಅಕ್ಕ ತನ್ನ ಮನೆಯ ಡ್ರೈವ್‌ವೇಯಲ್ಲಿ, ಕಣ್ಣಿಗೆ ಕಾಣದ ಐಸ್ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಫಿಸಿಯೋಥೆರಪಿ ಮುಗಿಯಿತು. ಡಾಕ್ಟರು ಎಲ್ಲ ಸರಿಹೋಗಿದೆ, ಧಾರಾಳವಾಗಿ ನಡೆಯಿರಿ ಎಂದರು. ಅಕ್ಕ ನಡೆಯಲಿಲ್ಲ. ಮನೆಯೊಳಗೆ ಗೋಡೆ, ಹೊರಗೆ ಭಾವನ ತೋಳು, ಅಂಗಡಿಯಲ್ಲಿ ಕಾರ್ಟು, ಹೀಗೆ ಏನಾದರೊಂದನ್ನು ಹಿಡಿಯದೆ ಹೆಜ್ಜೆ ಇಡುತ್ತಿರಲಿಲ್ಲ. ದೇವಸ್ಥಾನಕ್ಕೆ ಹೋದರೆ ಪ್ರದಕ್ಷಿಣೆ ಬಿಟ್ಟು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಅವಳನ್ನು ಹಾಗೆ ನೋಡಿದರೆ ನನಗೆ ಸಂಕಟವಾಗುತ್ತಿತ್ತು. ನನಗೆ ಸಂಕಟವಾದರೆ ಮೇಲೆ ಬರುವುದು ಸಿಟ್ಟೇ. ಏನಾದರೂ ಅಂದುಬಿಟ್ಟೇನೆಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಮನೆಯಲ್ಲಿ ಎಲ್ಲರೂ ಆ ವಿಷಯಕ್ಕೆ ಬಾಯಿ ಮುಚ್ಚಿಕೊಂಡೇ ಇದ್ದೆವು.

ಪ್ಲಾನು ತಲುಪಿದ ಒಂದು ಗಂಟೆಯಲ್ಲಿ ಅವಳ ಫೋನು ಬಂತು.

"ಲೇ, ಮೇಲಕ್ಕೆ ಎಷ್ಟು ಅಡಿ ಹತ್ತಬೇಕು ಅಂತ ಎಲ್ಲಿ ಬರ್ದಿದೀಯ?"

"ಮೇಲಕ್ಕಾ?"

"ಬೆಟ್ಟ ಕಣೇ. ಬೆಟ್ಟ ಅಂದ್ರೆ ಮೇಲಕ್ಕೆ ಇರತ್ತೆ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಕಡೆ ಎತ್ತರವೆಂದರೆ ಹೈವೇ ದಾಟುವ ಓವರ್‌ಪಾಸು, ಅದು ಬಿಟ್ಟರೆ ಕಸ ಸುರಿದು ಮಣ್ಣು ಮುಚ್ಚಿ ಹುಲ್ಲು ಬೆಳೆಸಿದ ಒಂದು ಗುಡ್ಡ. ಇಪ್ಪತ್ತು ವರ್ಷ ಇಂಥ ಕಡೆ ಇದ್ದರೆ ನೆಲ ಎಲ್ಲ ಕಡೆಯೂ ಚಪ್ಪಟೆ ಎನ್ನಿಸಿಬಿಡುತ್ತದೆ.

"ಮಳೆ ಬಂದ್ರೆ?"

"ಫೋರ್‌ಕಾಸ್ಟ್ ನೋಡಿದೀನಿ. ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಹಿತವಾದ ಬಿಸಿಲು."

"ಅದು ಬೀಚಿಂದು. ನೀನು ಹೋಗ್ತಿರೋದು ನಾಲ್ಕು ಸಾವಿರ ಅಡಿ ಮೇಲೆ. ಜಾಕೆಟ್ಟೂ ಬರ್ದಿಲ್ಲ. ನಿನ್ನನ್ನ ಒಬ್ಳನ್ನೇ ಕಳ್ಸಿದ್ರೆ ಹೆಲಿಕಾಪ್ಟರಲ್ಲಿ ವಾಪಸ್ ತರಬೇಕಾಗತ್ತೆ."

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ, ಕವಾಯಿಯಲ್ಲಿ ಬೆಳಕು ಹರಿದಿರುವ ಹೊತ್ತಿಗೆ, ಅಕ್ಕ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿನ ಕ್ಯಾಮೆರಾಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಹುಡುಕಿ ಇಟ್ಟುಕೊಂಡಿದ್ದಳು. ನಾನು ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಳ್ಳಬೇಕು, ಅವಳು ಮೋಡ ಓದಬೇಕು. ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಬೀಸುತ್ತದೆ, ಆ ಕಡೆ ಮಳೆ ಸುರಿಯುವಾಗ ಪಶ್ಚಿಮದ ಕಡೆ ಒಣ ಬಿಸಿಲು ಇರಬಹುದು ಎಂದು ಅವಳು ಕಂಡುಕೊಂಡಳು. ನನ್ನ ಐದು ದಿನದ ಅಚ್ಚುಕಟ್ಟನ್ನು ಒಂದೇ ಏಟಿಗೆ ಅಳಿಸಿಹಾಕಿದಳು. ಇಂಥ ದಿನ ಇಂಥ ಜಾಗ ಎಂದು ಮೊದಲೇ ಗೊತ್ತು ಮಾಡುವಂತಿಲ್ಲ. ಬೆಳಗ್ಗೆ ಎದ್ದು, ಆಕಾಶ ನೋಡಿ, ಆಮೇಲೆ ಯಾವ ದಾರಿ ಎಂದು ತೀರ್ಮಾನ.

ಮಳೆಯನ್ನೂ ಅವಳು ತನ್ನ ಕೆಲಸದ ಮಾತಿನಲ್ಲೇ ಭಾಗ ಮಾಡಿದಳು. ಕಾರಿನ ವೈಪರನ್ನು ಆಗೊಮ್ಮೆ ಈಗೊಮ್ಮೆ ಆಡಿಸಿದರೆ ಸಾಕಾಗುವ ಮಳೆ ಇಂಟರ್ಮಿಟೆಂಟ್, ಅದರಲ್ಲಿ ನಡೆಯಬಹುದು. ಒಂದೇ ಸಮ ಆಡಬೇಕಾದರೆ ಲೋ, ಕಾರಲ್ಲೇ ಕೂತು ಕಾಯುವುದು. ಹೈ ಆದರೆ ರೂಮಿಗೆ ವಾಪಸ್ಸು ಬಂದು ಉಪ್ಪಿಟ್ಟು ಮಾಡಿಕೊಳ್ಳುವುದು. ಹವಾಮಾನದ ಬಗ್ಗೆ ನನಗೆ ಪೂರ್ತಿ ಅರ್ಥವಾದ ಪಾಠ ಇದೊಂದೇ.

ಅವಳ ದನಿ ಮೊದಲಿನಂತೆ ಆಗಿತ್ತು. ಬೈಯುತ್ತಿದ್ದಳು, ಹಂಗಿಸುತ್ತಿದ್ದಳು, ನಾನು ತೋರಿಸಿದ ಶೂಗಳನ್ನು ಒಂದೊಂದಾಗಿ ತಿರಸ್ಕರಿಸುತ್ತಿದ್ದಳು. ಒಂದು ಭಾನುವಾರ ತಡೆಯಲಾರದೆ ಅಂದೆ, "ಇಷ್ಟೆಲ್ಲಾ ಗೊತ್ತಿದ್ಮೇಲೆ ನೀನೂ ಬಾರೇ."

ಅವಳು ತೆರೆಯಿಂದ ಮುಖ ಆಚೆ ತಿರುಗಿಸಿದಳು. "ನಾನ್ಯಾಕೆ. ಇಲ್ಲೇ ಕೂತ್ಕೊಂಡು ಕ್ಯಾಮೆರಾದಲ್ಲಿ ನಿನ್ನ ನೋಡ್ತೀನಿ."

"ನೀನು ಬರ್ದಿದ್ರೆ ನಾನೂ ಹೋಗಲ್ಲ," ಎಂದು ಫೋನಿಟ್ಟೆ. ಬೆದರಿಕೆ ಹಾಕಿದೆನೇ ಹೊರತು, ಆಮೇಲೆ ಅಡಿಗೆಮನೆಯಲ್ಲಿ ನಿಂತು ಅಷ್ಟು ಒರಟಾಗಿ ಹೇಳಬಾರದಿತ್ತೆಂದು ನನ್ನನ್ನೇ ಬೈದುಕೊಂಡೆ.

ಮುಂದಿನ ಭಾನುವಾರ ಏನೂ ಆಗದವಳಂತೆ ಅಕ್ಕ ಫೋನ್ ಮಾಡಿದಳು. ಅಂದು "ಏನು ಕೆಡಬಹುದು" ಎಂಬ ಭಾಗ. ರಸ್ತೆ ಮುಚ್ಚಿದ್ದರೆ ಏನು ಮಾಡುವುದು, ಫೋನಿಗೆ ಸಿಗ್ನಲ್ ಸಿಗದಿದ್ದರೆ ಏನು, ಹಳ್ಳ ತುಂಬಿ ಹರಿಯುತ್ತಿದ್ದರೆ ದಾಟದೆ ಹಿಂತಿರುಗುವುದು, ಕುಡಿಯುವ ನೀರು ಮುಗಿದರೆ ಏನು. ಎಲ್ಲಕ್ಕೂ ಉತ್ತರ ಸಿಕ್ಕಿ ನಾನು ಫೋನಿಡುವುದರಲ್ಲಿದ್ದೆ.

"ಒಂದು ಬಿಟ್ಟಿದೀವಿ," ಎಂದಳು.

"ಏನು?"

"ನಾನು ಬೀಳೋದು."

"ಬಿಡ್ತು ಅನ್ನು," ಎಂದೆ. ಯೋಚಿಸಿ ಹೇಳಿದ್ದಲ್ಲ. ಕೆಟ್ಟ ಮಾತು ಬಂದ ತಕ್ಷಣ ನಮ್ಮಮ್ಮನ ಬಾಯಿಂದ ಬರುತ್ತಿದ್ದದ್ದು ನನ್ನ ಬಾಯಿಂದಲೂ ಬಂತು.

"ಬಿಡ್ತು ಅನ್ನಲ್ಲ. ಎರಡು ವರ್ಷದಿಂದ ನೀವೆಲ್ಲಾ ಬಿಡ್ತು ಬಿಡ್ತು ಅಂತಾನೇ ಇದೀರ. ಬರ್ಕೋ. ನಾನು ಬೀಳ್ತೀನಿ. ಆಮೇಲೆ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ನಂಗೂ ಗೊತ್ತಿಲ್ಲ ಕಣೇ," ಎಂದಳು ಅಕ್ಕ. "ಅದಕ್ಕೇ ಭಯ."

ನಾನು ಈರುಳ್ಳಿ ಹೆಚ್ಚುವುದು ನಿಲ್ಲಿಸಿ ಚಾಕು ಕೆಳಗಿಟ್ಟೆ. ಅವಳಿಗೆ ಭಯ ಇರುವುದು ನಮಗೆಲ್ಲ ಗೊತ್ತಿತ್ತು, ಅವಳ ಬಾಯಲ್ಲಿ ಆ ಶಬ್ದ ಕೇಳಿದ್ದು ಮಾತ್ರ ಮೊದಲ ಸಲ. ವೈಪರಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ತನಗೆ ಕೇಳಿಕೊಳ್ಳಲು ಅವಳಿಗೆ ಇಷ್ಟು ದಿನ ಬೇಕಾಗಿತ್ತು, ಮತ್ತು ನಾವು ಯಾರೂ ಕೇಳಲು ಬಿಟ್ಟಿರಲಿಲ್ಲ.

ಆ ವಾರದ ಕೊನೆಯಲ್ಲೇ ನಾನು ಟ್ರಾಯ್‌ಗೆ ಹೊರಟೆ. ಅಷ್ಟರಲ್ಲಿ ಅಕ್ಕ ತನ್ನ ಹಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಬೀಳುವುದು ಹೇಗೆ, ಬಿದ್ದ ಮೇಲೆ ಏಳುವುದು ಹೇಗೆ ಎಂದು ಕೇಳಿಕೊಂಡು ಬಂದಿದ್ದಳು. ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಮನೆಯಲ್ಲಿದ್ದ ರಜಾಯಿ, ಕುಶನ್ನು, ಅತಿಥಿಗಳ ಹಾಸಿಗೆ ಎಲ್ಲ ಹಾಸಿದ್ದಳು. ಮಂಡಿ ಬಗ್ಗಿಸಿ, ಕೈ ಊರಲು ಹೋಗದೆ, ಪಕ್ಕಕ್ಕೆ ಉರುಳಿ ಬೀಳಬೇಕು. ಆಮೇಲೆ ಮಗ್ಗುಲಿಗೆ ತಿರುಗಿ, ಅಂಬೆಗಾಲಿಟ್ಟು, ಒಂದು ಪಾದ ಮುಂದಿಟ್ಟು ಏಳಬೇಕು. ಧೈರ್ಯ ತುಂಬಲು ಮೊದಲು ನಾನು ಬಿದ್ದೆ. ಧೊಪ್ಪೆಂದು ಬಿದ್ದ ಸದ್ದಿಗೆ ಮೇಲಿನ ಕಪಾಟಿನಲ್ಲಿದ್ದ ಗೊಂಬೆಯೂ ಬಿತ್ತು. ಅಕ್ಕ ನಕ್ಕಳು, ನಗುತ್ತಲೇ ಬಿದ್ದಳು. ಬಿದ್ದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ನಿಧಾನವಾಗಿ ಎದ್ದು, "ಇನ್ನೊಂದ್ಸಲ," ಎಂದಳು.

ಭಾವ ಕಾಫಿ ಹಿಡಿದು ಮೆಟ್ಟಿಲಿಳಿದು ಬಂದಾಗ ಇಬ್ಬರೂ ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದೆವು. ಲೋಟ ಅಲ್ಲೇ ಇಟ್ಟು ಓಡಿ ಬಂದರು.

"ಎತ್ತಬೇಡಿ," ಎಂದಳು ಅಕ್ಕ. "ಬೀಳೋದು ಪ್ರಾಕ್ಟೀಸ್ ಮಾಡ್ತಿದೀವಿ. ನೀವು ಎತ್ತಿದ್ರೆ ಲೆಕ್ಕಕ್ಕೆ ಬರಲ್ಲ."

"ನಿಮ್ಮಿಬ್ರಿಗೂ ತಲೆ ಕೆಟ್ಟಿದೆ," ಎಂದು ಭಾವ ಮೆಟ್ಟಿಲ ಮೇಲೆ ಕೂತರು. ಅವಳು ತಾನಾಗಿ ಎದ್ದು ನಿಲ್ಲುವುದನ್ನು ನೋಡುತ್ತಾ ಅವರು ತಂದ ಕಾಫಿಯನ್ನು ಅವರೇ ಕುಡಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನೂ ಬರ್ತೀನಿ," ಎಂದರು.

"ಬೇಡ. ನೀವು ಬಂದ್ರೆ ನಾನು ನಿಮ್ಮ ತೋಳೇ ಹಿಡ್ಕೋತೀನಿ."

ಭಾವನಿಗೆ ಬೇಸರವಾಯಿತು, ಮುಚ್ಚಿಡಲೂ ಇಲ್ಲ. ಆದರೆ ಸಂಜೆ ಅವಳಿಗೆ ಶೂ ಕೊಡಿಸಲು ಕರೆದುಕೊಂಡು ಹೋಗಿ, ಅಂಗಡಿಯವನಿಗೆ ಸುಸ್ತಾಗುವಷ್ಟು ಪ್ರಶ್ನೆ ಕೇಳಿದರು.

ವಸಂತದಲ್ಲಿ ಅಕ್ಕ ನಮ್ಮಲ್ಲಿಗೆ ಬಂದು, ಆ ಕಸದ ಗುಡ್ಡವನ್ನು ಹತ್ತಿ ಇಳಿದು ಅಭ್ಯಾಸ ಮಾಡಿದಳು. ಮೊದಲು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು. ಕೆಲವು ಭೇಟಿಗಳ ನಂತರ ಬರೀ ಕೋಲು. ಒಂದು ಷರತ್ತನ್ನೂ ಹಾಕಿದಳು: ಬೆಟ್ಟದಲ್ಲಿ ತಾನು ಬಿದ್ದರೆ, ಕೇಳುವ ತನಕ ನಾನು ಕೈ ಕೊಡಕೂಡದು.

ನಾವಿಬ್ಬರೂ ಕವಾಯಿಯಲ್ಲಿ ಇಳಿದ ಮೊದಲ ಎರಡು ದಿನ ಮಳೆ ಹೈ. ಬೆಟ್ಟವೇ ಕಾಣಲಿಲ್ಲ. ಅಷ್ಟು ದುಡ್ಡು ಕೊಟ್ಟು ಬಂದು ರೂಮಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೇವಲ್ಲ ಎಂದು ನಾನು ಮುಖ ಊದಿಸಿಕೊಂಡೆ. ಅಕ್ಕ ಕಿಟಕಿಗೆ ಕುರ್ಚಿ ಹಾಕಿಕೊಂಡು ಆರಾಮಾಗಿ ಮೋಡ ನೋಡುತ್ತಿದ್ದಳು. ಮೂರನೇ ದಿನ ಬೆಳಗ್ಗೆ ಕಾರು ಹತ್ತಿ, ವೈಪರನ್ನು ಒಂದೆರಡು ಸಲ ಆಡಿಸಿ, "ಇಂಟರ್ಮಿಟೆಂಟ್. ನಡಿ," ಎಂದಳು.

ಬೆಟ್ಟದ ಮೇಲೆ ಚಳಿಯಿತ್ತು. ಕಾಡಿನ ನಡುವೆ ಕೆಂಪು ಮಣ್ಣಿನ ದಾರಿ, ಕೆಸರು ಹೆಚ್ಚಿದ್ದ ಕಡೆ ಹಲಗೆ ಹಾಸಿತ್ತು. ಅಕ್ಕ ಕೋಲು ಊರಿ ಊರಿ ನಡೆದಳು. ನನ್ನ ಕಣ್ಣು ಮರವನ್ನೂ ನೋಡಲಿಲ್ಲ, ಹಕ್ಕಿಯನ್ನೂ ನೋಡಲಿಲ್ಲ, ಅವಳ ಶೂವನ್ನೇ ನೋಡುತ್ತಿತ್ತು. ಕಣಿವೆ ಕಾಣುವ ಅಂಚಿಗೆ ಬಂದರೆ ಎದುರಿಗೆ ಬರೀ ಬಿಳುಪು. ಪುಳಿಯೋಗರೆ ತಿಂದು, ಕಾದು, ಮಧ್ಯಾಹ್ನಕ್ಕೆ ಹಿಂತಿರುಗಬೇಕೆಂಬ ನಿಯಮದಂತೆ ಎದ್ದೆವು. ಆ ನಿಯಮ ಮಾಡಿದ್ದೂ ಅಕ್ಕನೇ, ಪಾಲಿಸಿದ್ದೂ ಅಕ್ಕನೇ.

ಅಕ್ಕ ಬಿದ್ದದ್ದು ಹಿಂದಕ್ಕೆ ಬರುವಾಗ. ಬೇರು ಚಾಚಿದ್ದ ಒಂದು ಇಳಿಜಾರಿನಲ್ಲಿ ಅವಳ ಕಾಲು ಸರಕ್ಕನೆ ಜಾರಿತು, ಕೋಲು ಒಂದು ಕಡೆ, ಅವಳು ಒಂದು ಕಡೆ. ನನ್ನ ಕೈ ತಾನಾಗಿಯೇ ಮುಂದೆ ಹೋಗಿತ್ತು.

"ಅಕ್ಕ."

"ಸುಮ್ನಿರು. ನೋಡ್ಕೋತಿದೀನಿ."

ಕೆಸರಿನಲ್ಲಿ ಮಲಗಿಕೊಂಡೇ ಒಂದು ಪಾದ ಆಡಿಸಿದಳು, ಇನ್ನೊಂದನ್ನು ಆಡಿಸಿದಳು, ಸೊಂಟ ಮುಟ್ಟಿ ನೋಡಿಕೊಂಡಳು. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿದ ನೆನಪಿಲ್ಲ. ಅವಳು ಮಗ್ಗುಲಾದಳು, ಅಂಬೆಗಾಲಿಗೆ ಬಂದಳು, ಪಾದ ಮುಂದಿಟ್ಟಳು. ಎದ್ದು ನಿಂತಾಗ ಒಂದು ಕಡೆ ತಲೆಯಿಂದ ಕಾಲಿನ ತನಕ ಕೆಂಪಗಿದ್ದಳು.

"ಬಿದ್ದೆ," ಎಂದಳು. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ನಾನು ಅಳಲು ಶುರುಮಾಡಿದೆ. "ನೀನ್ಯಾಕೆ ಅಳ್ತೀಯ, ಬಿದ್ದಿರೋದು ನಾನು," ಎಂದು ಗದರಿಸಿ, ಕನ್ನಡಕ ಒರೆಸಿಕೊಂಡು ಆಕಾಶ ನೋಡಿದಳು. ಮಳೆ ನಿಂತಿತ್ತು. ಗಾಳಿ ಬರುವ ಪೂರ್ವದ ಕಡೆ ಮೋಡ ತೆಳುವಾಗುತ್ತಿತ್ತು.

"ವಾಪಸ್ ಮೇಲಕ್ಕೆ ಹೋಗೋಣ. ಈಗ ಕಾಣತ್ತೆ."

"ಮಧ್ಯಾಹ್ನ ಆಗೋಯ್ತಲ್ಲೇ. ಪ್ಲಾನಲ್ಲಿ..."

"ಪ್ಲಾನ್ ನಾನು ಮಾಡಿದ್ದು," ಎಂದು ಅಕ್ಕ ತಿರುಗಿದಳು. ಬಿದ್ದಿದ್ದ ಕೋಲನ್ನು ನಾನು ಎತ್ತಿ ಕೊಡುವಷ್ಟರಲ್ಲಿ ಅವಳು ಬರಿಗೈಯಲ್ಲೇ ಆಗಲೇ ಮರಗಳ ತಿರುವು ದಾಟಿದ್ದಳು. ಕೋಲು ಹಿಡಿದು, ಏದುಸಿರು ಬಿಡುತ್ತಾ ಹಿಂದೆ ಹೋದೆ. ಸ್ವಲ್ಪ ನಿಧಾನ ಹೋಗೇ ಎಂದು ಕೂಗಿದೆ. ಅವಳು ನಿಲ್ಲಲಿಲ್ಲ.