ತೆಳ್ಳಗಿನ ಟಿಕೆಟ್

ಆಗೆಲ್ಲ ಅಮೇರಿಕದ ಪಿಸ್ಕಾಟವೇಯಿಂದ ಊರಿಗೆ ಹೋಗುವುದೆಂದರೆ ಎರಡು ತಿಂಗಳ ಗಲಾಟೆ. ಬಾಯಿ ತೆರೆದ ಸೂಟ್‌ಕೇಸುಗಳು ಹಾಲ್‌ನಲ್ಲೇ ಬಿದ್ದಿರುತ್ತಿದ್ದವು. ಅವುಗಳಿಂದ ಏಳುವ ಸೋಪು, ಚಾಕೊಲೇಟು, ಪೌಡರಿನ ವಾಸನೆ ಸಾರಿನ ಒಗ್ಗರಣೆಯನ್ನೂ ಮೀರಿ ಮೂಗಿಗೆ ಬಡಿಯುತ್ತಿತ್ತು. ಎಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನನಗೆ ಹತ್ತು ವರ್ಷ, ತಮ್ಮ ಕಿಟ್ಟಿಗೆ ಐದು. ಜೂನ್‌ನಲ್ಲಿ ಮೈಸೂರಿನ ಅಜ್ಜಿ ಮನೆ, ಆಗಸ್ಟ್ ಕೊನೆಗೆ ವಾಪಸ್. ಸೆಪ್ಟೆಂಬರಿನಲ್ಲಿ ಐದನೇ ಗ್ರೇಡು. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್‌ಗೆ ಹೆಸರು ಕೊಟ್ಟೂ ಆಗಿತ್ತು. ಹೊರಡುವ ವಾರ ಅಮ್ಮ ನನ್ನ ಸೈಕಲ್ಲನ್ನು ಪಕ್ಕದ ಆಂಟಿಯ ಮಗಳಿಗೆ ಕೊಟ್ಟಾಗ ರಂಪ ಮಾಡಿದೆ.

"ಬಂದ್ಮೇಲೆ ದೊಡ್ಡದು ತಗೊಳೋಣ ಪುಟ್ಟಿ," ಅಂದಳು. ನಂಬಿದೆ. ಹತ್ತು ವರ್ಷದವಳಿಗೆ ನಂಬುವುದು ಬಿಟ್ಟು ಬೇರೇನು ಕೆಲಸ?

ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ ಆ ಸಲ ಮ್ಯಾಡ್ರಿಡ್‌ನಲ್ಲಿ ಇಳಿದು ಹೋಗುವ ಟಿಕೆಟ್ ಹುಡುಕಿದ್ದರು. "ಮಧ್ಯೆ ಒಂದು ದಿನ ಸಿಗತ್ತೆ, ಪಕ್ಕದ ಹಳೇ ಊರು ಟೊಲೆಡೊ ನೋಡ್ಬಿಡೋಣ," ಅಂದರು. ವಿಮಾನದಲ್ಲಿ ಒಬ್ಬರಿಗೂ ನಿದ್ದೆಯಿಲ್ಲ. ಹೋಟೆಲಿನಲ್ಲಿ ಪೆಟ್ಟಿಗೆ ಎಸೆದು ನೇರ ಬಸ್ಸು ಹತ್ತಿದೆವು. ಆ ಊರಿನಲ್ಲಿ ಸಮತಟ್ಟಾದ ಒಂದು ಬೀದಿಯೂ ನನ್ನ ಕಾಲಿಗೆ ಸಿಗಲಿಲ್ಲ. ಎಲ್ಲ ಏರು, ಎಲ್ಲ ಉರುಟು ಕಲ್ಲು. ಸಿಕ್ಕಿದ ಹಳೇ ಬಾಗಿಲಿನ ಮುಂದೆಲ್ಲ ಅಪ್ಪ ನಿಂತು ಗೈಡ್ ಪುಸ್ತಕ ಗಟ್ಟಿಯಾಗಿ ಓದುವರು. ಕಿಟ್ಟಿ ನಡೆಯಲೊಲ್ಲೆ ಎಂದು ಅವರ ಹೆಗಲೇರಿದ. ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡ ಅಮ್ಮ ಅಂಗಡಿಯೊಂದರಲ್ಲಿ ಬಾದಾಮಿಯ ಸಿಹಿ ಬಾಯಿಗಿಟ್ಟು, "ನಮ್ಮ ಬರ್ಫಿನೇ. ಏಲಕ್ಕಿ ಹಾಕೋದು ಮರೆತಿದಾರೆ ಪಾಪ," ಅಂದಳು. ಚರ್ಚಿನೊಳಗೆ ತಂಪು, ಮೇಣದ ವಾಸನೆ; ಹೊರಗೆ ಬಂದರೆ ಕೆಂಡದಂಥ ಬಿಸಿಲು.

ಗೋಡೆಯ ನೆರಳಿನಲ್ಲಿ ಕೂತು, ಪಿಸ್ಕಾಟವೇಯಿಂದ ಫಾಯಿಲ್‌ನಲ್ಲಿ ಸುತ್ತಿ ತಂದಿದ್ದ ಚಪಾತಿಯನ್ನು ಚಟ್ನಿಪುಡಿಗೆ ಒತ್ತಿ ತಿಂದೆವು. ಕಿಟ್ಟಿಗೆ ಬಾತ್‌ರೂಮ್ ಬೇಕಾಯಿತು. ಅಪ್ಪ ಅವನನ್ನು ಕರೆದೊಯ್ದರು, ಅಮ್ಮ ನೀರು ಹಿಡಿಯಲು ಎದ್ದಳು. ಪಾಸ್‌ಪೋರ್ಟು, ಟಿಕೆಟ್ಟುಗಳ ಚೀಲವನ್ನು ನನ್ನ ಕೊರಳಿಗೆ ಹಾಕಿ, "ಜೋಪಾನ, ಯಾರ ಕೈಗೂ ಕೊಡ್ಬೇಡ," ಅಂದಳು.

ಅಚ್ಚಾದ ನನ್ನ ಹೆಸರು ನೋಡುವ ಆಸೆಗೆ ಚೀಲ ತೆರೆದೆ. ಆಗಿನ ಟಿಕೆಟ್ಟುಗಳು ಸಣ್ಣ ಪುಸ್ತಕದಂತಿರುತ್ತಿದ್ದವು, ಒಂದೊಂದು ವಿಮಾನಕ್ಕೆ ಒಂದೊಂದು ಹಾಳೆ. ಮೂರು ಟಿಕೆಟ್ಟು ದಪ್ಪಗಿದ್ದವು. ನನ್ನದು ತೆಳ್ಳಗಿತ್ತು. ಬೊಂಬಾಯಿಯ ನಂತರ ಅದರಲ್ಲಿ ಹಾಳೆಯೇ ಇರಲಿಲ್ಲ. ಉಳಿದ ಮೂರರಲ್ಲಿ ಆಗಸ್ಟ್ ತಿಂಗಳು, ನ್ಯೂಯಾರ್ಕ್ ಎರಡೂ ಇದ್ದವು.

ಎಲ್ಲರೂ ಬಂದ ಮೇಲೆ ಕೇಳಿದೆ, "ಅಪ್ಪಾ, ವೇರ್ ಈಸ್ ಮೈ ರಿಟರ್ನ್?"

ಅಪ್ಪ ಅಮ್ಮನ ಮುಖ ನೋಡಿದರು. "ಮಕ್ಕಳ ಟಿಕೆಟ್ ಹಾಗೇ ಇರತ್ತೆ ಪುಟ್ಟಿ. ಮಿಕ್ಕಿದ್ದು ಅಲ್ಲಿ ಹೋದ್ಮೇಲೆ ಕೊಡ್ತಾರೆ."

"ಕಿಟ್ಟೀಸ್ ಟಿಕೆಟ್ ಈಸ್ ಫ್ಯಾಟ್."

ಅಮ್ಮ ನನ್ನ ಪಕ್ಕ ಕೂತಳು. "ಅಜ್ಜಿ ಮನೇಲಿದ್ದು ಸ್ವಲ್ಪ ದಿನ ಓದ್ತೀಯ. ಅಮೇರಿಕದಲ್ಲಿ ಹೆಣ್ಣುಮಕ್ಕಳನ್ನ ಬೆಳೆಸೋದು ಕಷ್ಟ ಪುಟ್ಟಿ. ನಿನ್ನ ಒಳ್ಳೇದಕ್ಕೇ."

"ಎಷ್ಟು ದಿನ?" ಎಂದು ಕೇಳಿದೆ. ಮನೆಯಲ್ಲಿ ಯಾವತ್ತೂ ಇಂಗ್ಲಿಷಿನಲ್ಲೇ ಮಾತಾಡುವವಳು ಕನ್ನಡದಲ್ಲಿ ಕೇಳಿದ್ದೆ. ಅಮ್ಮ ಅತ್ತುಬಿಟ್ಟಳು.

ಅಪ್ಪ ಗೈಡ್ ಪುಸ್ತಕ ತೆರೆದು, "ಇನ್ನೊಂದು ಸೇತುವೆ ಇದೆ. ನೋಡ್ಕೊಂಡೇ ಹೋಗೋಣ," ಅಂದರು. ನನಗೆ ಇವತ್ತಿಗೂ ಮೈ ಉರಿಯುವುದು ಇದಕ್ಕೆ: ನಾವು ನಿಜವಾಗಿಯೂ ಆ ಸೇತುವೆ ನೋಡಿದೆವು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಮ್ಯಾಡ್ರಿಡ್‌ಗೆ ಮರಳುವ ಬಸ್ಸಿನಲ್ಲಿ ಮೂವರೂ ಸುಸ್ತಾಗಿ ನಿದ್ದೆಹೋದರು. ನಾನು ಮಲಗಲಿಲ್ಲ.

ಸ್ವಲ್ಪ ದಿನ ಎಂಬುದು ನಾಲ್ಕು ವರ್ಷವಾಯಿತು. ಮೈಸೂರಿನಲ್ಲಿ ನನಗೆ ಯಾರೂ ಕಷ್ಟ ಕೊಡಲಿಲ್ಲ. ಅಜ್ಜಿ ಬಿಸಿ ಅನ್ನಕ್ಕೆ ತುಪ್ಪ ಸುರಿದರು, ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಕಲಿಸಿದರು. ಹದಿನಾಲ್ಕಕ್ಕೆ ಮರಳಿದಾಗ ಕಿಟ್ಟಿ ನೆಂಟರಿಗೆ ತೋರಿಸುವಂತೆ ನನಗೆ ನನ್ನದೇ ಕೋಣೆ ತೋರಿಸಿದ. ಶಾಲೆಯ ಬ್ಯಾಂಡಿನಲ್ಲಿದ್ದವರು ನಾಲ್ಕು ವರ್ಷ ಮುಂದೆ ಹೋಗಿದ್ದರು. ನಾನು ಹತ್ತಿರವೂ ಸುಳಿಯಲಿಲ್ಲ.

ಅಪ್ಪ ಅಮ್ಮ ಈಗ ಪಿಸ್ಕಾಟವೇ ಹತ್ತಿರದ ಕೆಂಡಲ್ ಪಾರ್ಕಿನಲ್ಲಿದ್ದಾರೆ. "ಅಲ್ಲಿ ಬಿಟ್ಟಿದ್ದಕ್ಕೇ ನೀನು ಇಷ್ಟು ಚೆನ್ನಾಗಿ ಕನ್ನಡ ಬರೀತೀಯ," ಎನ್ನುತ್ತಾರೆ ಅಪ್ಪ. ನಿಜವೇ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಟೊಲೆಡೊಗೆ ಮುಂಚೆ ನಾನು ಕಾರು ಹತ್ತಿದ ಕೂಡಲೇ ನಿದ್ದೆಹೋಗುವ ಮಗುವಾಗಿದ್ದೆನಂತೆ. ಈಗ ಅವರ ಮನೆಯಿಂದ ಹೊರಟಾಗ ನನ್ನ ಗಂಡ, "ಮಲ್ಕೋ, ಮನೆ ಬಂದಾಗ ಎಬ್ಬಿಸ್ತೀನಿ," ಎನ್ನುತ್ತಾರೆ. ಒಳ್ಳೆಯ ಮನುಷ್ಯ, ಇವತ್ತಿನವರೆಗೂ ಒಂದು ಸುಳ್ಳು ಹೇಳಿದವರಲ್ಲ. ನಾನು ಮಾತ್ರ ದಾರಿಯುದ್ದಕ್ಕೂ ಹೆದ್ದಾರಿಯ ಎಕ್ಸಿಟ್ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಕೂತಿರುತ್ತೇನೆ.