ತೊಟ್ಟಿಲಿಗೆ ಹಾಕದ ಕಲ್ಲು

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುತ್ತಿದ್ದ ಆ ಅಂಗಡಿಯಲ್ಲಿ ಬರಿ ತೊಟ್ಟಿಲನ್ನು ಯಾರೂ ತೂಗುತ್ತಿರಲಿಲ್ಲ. ಕೀಲು ಕಿರುಗುಟ್ಟುತ್ತದೆಯೇ ಎಂದು ತಿಳಿಯಲು ತೂಗಲೇಬೇಕು. ಆದರೆ ಮೊದಲು ಅರಿವೆ ಸುತ್ತಿದ ಒಂದು ಗುಂಡುಕಲ್ಲನ್ನು ಅದರೊಳಗೆ ಮಲಗಿಸುತ್ತಿದ್ದರು. ಬರಿ ತೊಟ್ಟಿಲು ತೂಗಿದರೆ ಮುಂದೆ ಅದರಲ್ಲಿ ಮಲಗುವ ಕೂಸಿಗೆ ಕೇಡು ಎಂಬ ನಂಬಿಕೆ. ನಾನು ಅದನ್ನು ಪೂರ್ತಿ ನಂಬಿದವನಲ್ಲ, ಪೂರ್ತಿ ಬಿಟ್ಟವನೂ ಅಲ್ಲ. ಆ ಕಲ್ಲಿನ ವಿಷಯದಲ್ಲಿ ನಾನು ಮಾಡಿದ್ದನ್ನು ನನ್ನ ಹೆಂಡತಿಗೂ ಹೇಳಲಿಲ್ಲ. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು.

ಎಂಬತ್ತರ ದಶಕದ ನಡುವಿನ ಮಾತು. ಮೆಟ್ರಿಕ್ ಮುಗಿಸಿದ್ದೆ, ಕಾಯಂ ನೌಕರಿ ಎಲ್ಲಿಯೂ ಸಿಕ್ಕಿರಲಿಲ್ಲ. ಧಾರವಾಡದ ಪ್ರಾಧ್ಯಾಪಕರೊಬ್ಬರು ಅಂಗವಿಕಲರ ಉದ್ಯೋಗದ ಬಗ್ಗೆ ಸಂಶೋಧನೆ ನಡೆಸಿದ್ದರು. ಅಂಥವರನ್ನು ಬೇರೆ ಒಂದು ಕೋಣೆಯಲ್ಲಿ ಕೂಡಿಸಿ ಮೇಣದಬತ್ತಿ, ಸೀಮೆಸುಣ್ಣ ಮಾಡಿಸುವುದು ಆಗಿನ ರೂಢಿ. ಕಲಿತ ಮೇಲೆ ಕೆಲಸ ಎನ್ನುತ್ತಿದ್ದರು. ಕಲಿಯುವುದು ಮುಗಿಯುತ್ತಲೇ ಇರಲಿಲ್ಲ. ನಮ್ಮ ಪ್ರಾಧ್ಯಾಪಕ ಸರ್ ಅವರ ವಿಚಾರ ಇದಕ್ಕೆ ತಿರುವುಮುರುವು. ನಾಲ್ಕು ಮಂದಿ ದುಡಿಯುವ ಜಾಗಕ್ಕೇ ಮೊದಲು ಕರೆದೊಯ್ಯಬೇಕು, ಬಾಜೂಕ್ಕೆ ಒಬ್ಬ ನಿಂತು ಕಲಿಸಬೇಕು, ಕೈ ಕುದುರುತ್ತ ಬಂದಂತೆ ಅವನು ಹಿಂದೆ ಸರಿಯಬೇಕು. ಅವನು ಸರಿದ ಮೇಲೂ ಕೆಲಸ ಉಳಿಯುತ್ತದೆಯೇ ಎಂಬುದನ್ನು ಅವರು ನೋಡಬೇಕಾಗಿತ್ತು. ಆ ಬಾಜೂಕ್ಕೆ ನಿಲ್ಲುವ ಮನುಷ್ಯನಾಗಿ ನನ್ನನ್ನು ತೆಗೆದುಕೊಂಡರು.

ನನ್ನ ಪಾಲಿಗೆ ಬಂದವಳು ಹತ್ತಿರದ ತಂಬೂರು ಎಂಬ ಹಳ್ಳಿಯ ಒಬ್ಬ ಹುಡುಗಿ. ವಯಸ್ಸು ಇಪ್ಪತ್ತು ದಾಟಿತ್ತು, ಬುದ್ಧಿ ಬೆಳೆದಿರಲಿಲ್ಲ. ಮಾತು ಕೆಲವೇ ಕೆಲವು. ಅವಳ ತಾಯಿ ಕೂಲಿ ಮಾಡುವವಳು, ಗಂಡ ಇರಲಿಲ್ಲ. ಮೊದಲ ದಿನವೇ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದಳು:

"ನಾ ಇರೂತನಾ ಹೆಂಗರೆ ನಡೀತೈತ್ರಿ ಮಾಸ್ತರ. ನಾ ಹ್ವಾದ ಮ್ಯಾಲೆ ನನ್ನ ಸೊಸಿ ಇಕೀಗೆ ಒಂದ ತುತ್ತ ಹಾಕಬೇಕಂದ್ರ ಇಕಿ ಕೈಯಾಗ ಒಂದ ಕೆಲಸ ಇರಬೇಕು. ಅಷ್ಟ ಮಾಡ್ರಿ, ಮತ್ತೇನೂ ಬ್ಯಾಡ."

ತೊಟ್ಟಿಲ ಅಂಗಡಿಯ ಮಾಲಕರು ಒಳ್ಳೆಯ ಮನುಷ್ಯ. ಹುಡುಗಿಗೆ ಉಸುಕಿನ ಕಾಗದದಿಂದ ತೊಟ್ಟಿಲ ಕಾಲು ತಿಕ್ಕುವ ಕೆಲಸ ಕೊಟ್ಟರು. ನಾನು ಅವಳ ಕೈ ಹಿಡಿದು ತಿಕ್ಕಿಸಿದೆ. ಮೊದಮೊದಲು ಒಂದೇ ಜಾಗವನ್ನು ತಗ್ಗು ಬೀಳುವ ತನಕ ತಿಕ್ಕುತ್ತಿದ್ದಳು. ಬರುಬರುತ್ತ ಮರದ ಮೇಲೆ ಅಂಗೈ ಆಡಿಸಿ ತಾನೇ ನಿಲ್ಲಿಸುವುದನ್ನು ಕಲಿತಳು. ಬಣ್ಣ ಆದ ತೊಟ್ಟಿಲು ಮುಟ್ಟುವ ಮೊದಲು "ತಂಗೀ, ಕೈ" ಎನ್ನುತ್ತಿದ್ದೆ. ಲಂಗಕ್ಕೆ ಕೈ ಒರೆಸಿಕೊಂಡು, ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನನಗೆ ತೋರಿಸುತ್ತಿದ್ದಳು. ಆಮೇಲೆ ಕಲ್ಲು ಮಲಗಿಸಿ, ತೂಗಿ, ಕಿವಿ ಇಟ್ಟು ಕೇಳುತ್ತಿದ್ದಳು. ಕಿರುಗುಟ್ಟಿದರೆ ಮುಖ ಗಂಟಿಕ್ಕಿ "ಅಳ್ತೈತಿ" ಎನ್ನುತ್ತಿದ್ದಳು. ಕಲ್ಲನ್ನು ಒಂದು ದಿನವೂ ಮರೆಯಲಿಲ್ಲ.

ಬಣ್ಣ ಹಚ್ಚುವ ಕಾಕಾ ನನ್ನನ್ನು ಕಾಡುತ್ತಿದ್ದ. "ಮಾಸ್ತರ, ಕೆಲಸಾ ಆಕಿ ಮಾಡ್ತಾಳ, ಚಾ ನೀವು ಕುಡೀತೀರಿ. ನಿಮ್ಮ ಪಗಾರಾನೂ ಆಕೀಗೇ ಕೊಡಸ್ರಿ."

"ನೋಡೂದೂ ಒಂದ ಕೆಲಸನ ಐತೋ ಕಾಕಾ."

"ಹಂಗಾರ ನನ್ನೂ ನೋಡ್ಕೋತ ಕುಂದರ್ರಿ, ನನ್ನೂ ಯಾರೂ ನೋಡವರಿಲ್ಲ."

ಹುಡುಗಿ ಏನೂ ತಿಳಿಯದೆಯೂ ಅವನ ಜೊತೆ ನಗುತ್ತಿದ್ದಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ತಾಯಿಯೇ ನೋಡಿರಲಿಲ್ಲವಂತೆ.

ಇನ್ನು ನಾನು ಹಿಂದೆ ಸರಿಯಬಹುದು ಎಂದು ಸರ್ ಹೇಳಿದ್ದರು. ಇದು ಗೆದ್ದರೆ ನವಲಗುಂದ, ಅಣ್ಣಿಗೇರಿಯ ಕಡೆಗೂ ಹೀಗೆಯೇ ಮಂದಿಯನ್ನು ಕೆಲಸಕ್ಕೆ ಹಚ್ಚುವುದು, ಅದನ್ನೆಲ್ಲ ನಾನು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ನಾನು ಆಗಲೇ ಸಾಹೇಬನಾದವನ ಹಾಗೆ ಓಡಾಡುತ್ತಿದ್ದೆ.

ಒಂದು ಮಧ್ಯಾಹ್ನ ಮಾಲಕರು ಊಟಕ್ಕೆ ಒಳಗೆ ಹೋಗಿದ್ದರು, ಕಾಕಾ ಹೊರಗೆ ಬೀಡಿ ಸೇದುತ್ತಿದ್ದ. ಸಂಶಿ ಊರಿನ ಒಂದು ಮನೆಯವರು ಹೇಳಿ ಮಾಡಿಸಿದ್ದ ತೊಟ್ಟಿಲು ಅಂದೇ ಅವರ ಮನೆಗೆ ಹೋಗಬೇಕಿತ್ತು. ನಾನು ಅದರ ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಓದುತ್ತ ಓದುತ್ತ ಒಂದು ಕೈ ತೊಟ್ಟಿಲ ಮೇಲೆ ಹೋಗಿದೆ, ತೂಗತೊಡಗಿದೆ. ನನಗೆ ಖಬರೇ ಇಲ್ಲ. ಮೂಲೆಯಲ್ಲಿ ಕಾಲು ತಿಕ್ಕುತ್ತಿದ್ದ ಹುಡುಗಿ ಅದನ್ನು ನೋಡಿದಳು. ದಡದಡನೆ ಎದ್ದು ಕಲ್ಲನ್ನು ಎತ್ತಿಕೊಂಡು "ಕಲ್ಲ, ಕಲ್ಲ" ಎನ್ನುತ್ತ ಓಡಿ ಬಂದಳು. ನಾನು ಕೈ ತೆಗೆದೆ. ಕಲ್ಲನ್ನು ಒಂದು ತೋಳಲ್ಲಿ ಅವಚಿಕೊಂಡು, ಇನ್ನೂ ತೂಗುತ್ತಿದ್ದ ತೊಟ್ಟಿಲನ್ನು ನಿಲ್ಲಿಸಲು ಅವಳು ಇನ್ನೊಂದು ಕೈಯಿಂದ ಹಿಡಿದಳು. ಅದೇ ಹೊತ್ತಿಗೆ ಸಂಶಿಯ ಹಿರಿಯಾಕೆ ತನ್ನ ಮಗನ ಜೊತೆ ಬಾಗಿಲಲ್ಲಿ ಬಂದು ನಿಂತಳು.

ಆ ತೊಟ್ಟಿಲು ಆಕೆಯ ಮಗಳ ಕೂಸಿಗೆ. ಮೊದಲಿನ ಕೂಸು ಉಳಿದಿರಲಿಲ್ಲ.

"ಯಾರ್ ತೂಗಿದ್ರು ಇದನ್ನ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ಮಾಲಕರು ಎಂಜಲು ಕೈಯಲ್ಲೇ ಹೊರಗೆ ಬಂದರು. ಹಿರಿಯಾಕೆ ಅವರಿಗೆ ಹೇಳಿದಳು: "ಬರಿ ತೊಟ್ಲಾ ತೂಗಾಕತ್ತಾರ ನಿಮ್ಮ ಅಂಗಡ್ಯಾಗ. ಯಾರಂತ ಕೇಳ್ರಿ."

ಮಾಲಕರು ನನ್ನ ಕಡೆ ತಿರುಗಿದರು. "ಮಾಸ್ತರ, ನೀವ ಇಲ್ಲೇ ಇದ್ರಲ್ಲ?"

ನಾನೇ ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಆ ಹಿರಿಯಾಕೆ ಬೈಯುತ್ತಿದ್ದಳು, ಶಪಿಸುತ್ತಿದ್ದಳು. ಮಾಲಕರು ನನ್ನನ್ನು ಹೊರಗೆ ಹಾಕುತ್ತಿದ್ದರು. ಸರ್‌ಗೆ ಸುದ್ದಿ ಮುಟ್ಟಿ ನನ್ನ ಸಾಹೇಬಗಿರಿ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿಯ ಕೆಲಸ ಮಾತ್ರ ಉಳಿಯುತ್ತಿತ್ತು. ಇಷ್ಟೆಲ್ಲ ಆಗ ವಿಚಾರ ಮಾಡಿದೆನೆಂದು ಹೇಳಲಾರೆ. ಬಾಯಿಂದ ಬಂದದ್ದು ಇಷ್ಟು: "ಆಕೀಗೆ ತಿಳಿಯೂದಿಲ್ಲರಿ. ನಾ ಪೇಪರ್ ಓದೂದ್ರಾಗ..."

ಮಾತು ಮುಗಿಸುವ ಅಗತ್ಯ ಬೀಳಲಿಲ್ಲ. ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿ, ಕಲ್ಲನ್ನು ತೊಟ್ಟಿಲಲ್ಲಿ ಮೆಲ್ಲನೆ ಮಲಗಿಸಿದಳು. ಈಗ ಎಲ್ಲ ಸರಿಯಾಯಿತು ಎಂಬಂತೆ ನಕ್ಕಳು.

ಸಂಶಿಯವರು ತೊಟ್ಟಿಲು ಒಯ್ಯಲಿಲ್ಲ. ಸಂಜೆ ಮಾಲಕರು ನನ್ನನ್ನು ಬಾಜೂಕ್ಕೆ ಕರೆದರು. "ನನಗ ಆಕೀ ಮ್ಯಾಲೆ ಸಿಟ್ಟಿಲ್ರಿ. ಆದ್ರ ಈ ಸುದ್ದಿ ಹಬ್ಬಿದ್ರ ನನ್ನ ತೊಟ್ಲಾ ಯಾರ್ ಒಯ್ತಾರು? ನಾಳಿಂದ ಕರಕೊಂಡ ಬರಬ್ಯಾಡ್ರಿ."

ತಂಬೂರಿನಲ್ಲಿ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು. "ಮಾಸ್ತರ, ಮನ್ಯಾಗೂ ಕಲ್ಲ ಇಡದ ಸೀರಿ ಜೋಳಗಿ ತೂಗಾಕಿ ಅಲ್ರಿ ಇಕಿ. ಖರೇನ ಇಕೀನ ತೂಗಿದ್ಲೇನ್ರಿ?"

ಅಲ್ಲಿ ಮಾಲಕರಿರಲಿಲ್ಲ, ಸಂಶಿಯವರಿರಲಿಲ್ಲ. ಹೆದರಬೇಕಾದವರು ಯಾರೂ ಇರಲಿಲ್ಲ.

"ಹೌದಬೇ" ಎಂದೆ.

ತಾಯಿ ಮಗಳ ಬೆನ್ನಿಗೆ ಒಂದು ಏಟು ಹಾಕಿದಳು. ಮತ್ತೆ ಅವಳನ್ನೇ ತಬ್ಬಿಕೊಂಡು ಕೂತಳು. ನಾನು ಸೈಕಲ್ ಹತ್ತಿದೆ.

ಧಾರವಾಡಕ್ಕೆ ಹೋಗಿ ಸರ್‌ಗೂ ಅದನ್ನೇ ಹೇಳಿದೆ. ಅವರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. "ಬಾಜೂಕ್ಕ ಇದ್ದವ ಸರದ ಕೂಡ್ಲೆ ಇಂಥಾವ್ರು ತಪ್ಪ ಮಾಡ್ತಾರ ಅಂತಾತು. ಇದೂ ಒಂದ ಉತ್ತರನರಿ" ಎಂದರು. ನವಲಗುಂದ, ಅಣ್ಣಿಗೇರಿಯ ಮಾತು ಮತ್ತೆ ಬರಲಿಲ್ಲ. ಅಲ್ಲಿ ದಾರಿ ಕಾಯುತ್ತಿದ್ದವರ ಮನೆಗಳಿಗೆ, ಆಗುವುದಿಲ್ಲವಂತೆ ಎಂದು ಹೇಳಿ ಬರಲು ನನ್ನನ್ನೇ ಕಳಿಸಿದರು. ಒಬ್ಬ ಕುಂಟ ಹುಡುಗನ ತಂದೆ ನನಗೆ ಚಹಾ ಕೊಟ್ಟು, ನೀವಾದರೂ ಇಷ್ಟು ಓಡಾಡಿದಿರಿ ಎಂದು ಕೈ ಮುಗಿದ. ಪಾಪ, ನನ್ನ ಕೆಲಸವೂ ಹೋಯಿತಲ್ಲ ಎಂದು ಸರ್ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನನಗೆ ಕಾರಕೂನನ ನೌಕರಿ ಕೊಡಿಸಿದರು. ನಿವೃತ್ತಿಯ ತನಕ ಅಲ್ಲಿಯೇ ಉಂಡೆ.

ಆ ದಶಕ ಮುಗಿಯುವುದರೊಳಗೆ ಒಮ್ಮೆ ತಂಬೂರಿಗೆ ಹೋದೆ. ಖರೆ ಹೇಳಿಬಿಡಬೇಕು ಎಂದೇ ಹೋದದ್ದು. ತಾಯಿ ತೀರಿಕೊಂಡಿದ್ದಳು. ಸೊಸೆ ಬಾಗಿಲಲ್ಲಿ ನಿಂತು ಮಾತಾಡಿಸಿದಳು. ಒಳಗೆ ಸೀರೆ ಕಟ್ಟಿದ ಜೋಳಿಗೆಯಲ್ಲಿ ಅವಳ ಕೂಸು ಮಲಗಿತ್ತು.

"ಆಕೀನ್ನ ಒಳಗ ಬಿಡೂದಿಲ್ರಿ" ಎಂದಳು, ದನದ ಕೊಟ್ಟಿಗೆಯ ಕಡೆ ತೋರಿಸುತ್ತ. "ಬರಿ ತೊಟ್ಲಾ ತೂಗಿದಾಕಿ. ನಮಗ ಹೆದರಿಕಿ."

ಕೊಟ್ಟಿಗೆಯ ಮೋಟು ಗೋಡೆಗೆ ಒರಗಿ ಅವಳು ಕೂತಿದ್ದಳು. ತಲೆ ಬೋಳಿಸಿದ್ದರು. ಬಹಳ ಸೊರಗಿದ್ದಳು. ಸೊಸೆಗೆ ಹೇಳಬೇಕೆಂದು ತಂದಿದ್ದ ಮಾತು ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಹುಡುಗಿ ನನ್ನ ಗುರುತು ಹಿಡಿದಳು. ಎದ್ದು ನಿಂತಳು. ಹರಿದ ಲಂಗಕ್ಕೆ ಕೈ ಒರೆಸಿಕೊಂಡಳು, ಸೆಗಣಿ ಮೆತ್ತಿದ್ದರಿಂದ ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನನಗೆ ತೋರಿಸಿದಳು.

ಕೆಲಸಕ್ಕೆ ಕರೆದೊಯ್ಯಲು ಬಂದಿದ್ದೇನೆ ಎಂದುಕೊಂಡಿದ್ದಳು.

"ಏನ್ ಕೆಲಸಿತ್ರಿ ನಿಮ್ದು?" ಎಂದು ಸೊಸೆ ಕೇಳಿದಳು.

"ಏನಿಲ್ಲ ತಂಗಿ. ಹಿಂಗ ಹಾಯ್ದ ಹೊಂಟಿದ್ದೆ" ಎಂದೆ.

ಕಲಘಟಗಿಯ ಬಸ್ಸು ಬರುವುದಿತ್ತು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಅವಳು ಕೈಗಳನ್ನು ಇನ್ನೂ ಇಳಿಸಿರಲಿಲ್ಲ.