ಟಿಟ್ಟಿಭಕ್ಕೆ ಹಾದಿ ಬಿಟ್ಟವರು

ಮೊನ್ನೆ ಮನೆಯ ಕುಂಡಗಳಿಗೆಂದು ಒಂದು ಚೀಲ ಕೆರೆಮಣ್ಣು ತರಿಸಿದ್ದೆ. ನೀರು ಚಿಮುಕಿಸಿದೊಡನೆ ಎದ್ದ ವಾಸನೆಗೆ ಟ್ರ್ಯಾಕ್ಟರ್ ಚಾಚಾ ನೆನಪಾದರು...

ಸವಣೂರಿನವರು. ಕೆರೆ ಬತ್ತತೊಡಗಿದರೆ ನಮ್ಮ ಹಾನಗಲ್ ಕಡೆ ಬಂದು ರೈತರ ಹೊಲಗಳಿಗೆ ಹೂಳುಮಣ್ಣು ಹೇರುತ್ತಿದ್ದರು. ನಾನು ಶಾಲೆಯ ಟೀಚರ್. ಆಗಷ್ಟೇ ದುರ್ಬೀನು ಕೊಂಡು ಮಹಾ ಪಕ್ಷಿತಜ್ಞೆಯಾಗಿದ್ದೆ. ಯುಗಾದಿಗೆ ಮುಂಚಿನ ಒಂದು ಭಾನುವಾರ ಹೆಬ್ಬಾತು ನೋಡಲು ಬೆಳಿಗ್ಗೆಯೇ ಕೆರೆಗೆ ಹೋದೆ. ಅವು ಆಗಲೇ ಊರು ಬಿಟ್ಟಿದ್ದವು. ಪೆಚ್ಚಾಗಿ ಒಣಗಿದ ಕೆರೆಯಂಗಳದಲ್ಲಿ ನಡೆಯುವಾಗ ಟಿಟ್ಟಿಭ ಹಕ್ಕಿಯೊಂದು ತಲೆಯ ಮೇಲೆ ಸುತ್ತುತ್ತ ಬೈಯತೊಡಗಿತು. ನೋಡಿದರೆ ಕಾಲಬುಡದಲ್ಲೇ, ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ! ಅವತ್ತು ಟ್ರ್ಯಾಕ್ಟರುಗಳು ಅದೇ ದಿಕ್ಕಿಗೆ ಬರುವುದಿತ್ತು. ಬಿಳಿ ಕಲ್ಲು ಆರಿಸಿ ತಂದು ಸುತ್ತಲೂ ಇಟ್ಟು, ದೂರ ಸರಿದು ಬೀಗುತ್ತ ನಿಂತೆ.

ಹಕ್ಕಿ ಕೆಳಗಿಳಿಯಲೇ ಇಲ್ಲ. ಬದಲಿಗೆ ಎರಡು ಕಾಗೆ ಬಂದು ಕುಳಿತವು. ಅಷ್ಟರಲ್ಲಿ ಮೊದಲ ಟ್ರ್ಯಾಕ್ಟರ್ ತಂದ ಚಾಚಾ ಇಳಿದು ನೋಡಿದರು.

"ಅಕ್ಕೋರ, ಕಾಗಿಗೆ ವಿಳಾಸ ಬರದು ಕೊಟ್ಟೀರಲ್ರಿ! ಮೊದಲ ಕಲ್ಲು ತಗೀರಿ."

"ಹಂಗಾದ್ರ ಬ್ಯಾರೆ ಟ್ರ್ಯಾಕ್ಟರ್‌ನವರಿಗೆ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಾಗೋದ ಬ್ಯಾಡ್ರಿ. ಮೊದಲ ಗಾಡಿ ಹೋದ ಹಾದೀಲೇ ಎಲ್ಲಾರೂ ಹೋಗ್ತಾರ."

ಅದು ನಿಜ. ಕೆರೆಯಂಗಳದಲ್ಲಿ ಗಾಲಿ ಹೂತುಕೊಳ್ಳುವ ಭಯಕ್ಕೆ ಎಲ್ಲರೂ ಮೊದಲ ಗಾಲಿಯ ಗುರುತನ್ನೇ ಹಿಡಿಯುತ್ತಾರೆ. ನಾನು ಕಲ್ಲು ತೆಗೆದು, ಕಾಗೆ ಓಡಿಸಿ ದೂರ ಸರಿದೆ; ಚಾಚಾ ಬೇಕೆಂದೇ ಮೊಟ್ಟೆಗಳನ್ನು ಬಿಟ್ಟು ದೊಡ್ಡ ಸುತ್ತು ಹಾಕಿ ಹೋದರು. ಹಿಂದೆ ಬಂದವರೂ ಹಾಗೇ ಸುತ್ತಿದರು. ಯಾಕೆಂದು ಒಬ್ಬರೂ ಕೇಳಲಿಲ್ಲ.

ಆದರೆ ಬಿಸಿಲೇರಿದರೂ ಹಕ್ಕಿ ಬರಲಿಲ್ಲ. ನನ್ನ ಜಾಣತನಕ್ಕೆ ನಾಲ್ಕು ಮೊಟ್ಟೆ ಬೆಂದುಹೋಗುತ್ತವಲ್ಲ ಎಂದು ಅಳುವೇ ಬಂತು. ಮಣ್ಣು ಹೇರಿಕೊಂಡು ಹೊರಟ ಚಾಚಾ ಕುಳಿತಲ್ಲಿಂದಲೇ ನೀರಿನತ್ತ ಕೈ ತೋರಿಸಿದರು. ಟಿಟ್ಟಿಭ ಮೊಟ್ಟೆ ತಂಪು ಮಾಡಲೆಂದು ಕೆರೆಯಲ್ಲಿ ಉಳಿದಿದ್ದ ನೀರಲ್ಲಿ ಹೊಟ್ಟೆ ತೋಯಿಸಿಕೊಂಡು ತುರುತುರು ನಡೆದು ಬಂದು ಮೊಟ್ಟೆಗಳ ಮೇಲೆ ಕುಳಿತಿತು.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆ ಚಾಚಾ ಇಳಿದು ನೆಲ ನೋಡಿಯೇ ಮೊದಲ ಹಾದಿ ಹಾಕುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈ ಸಲ ಮಕ್ಕಳನ್ನು ಕರೆದುಕೊಂಡು ಅದೇ ಕೆರೆಗೆ ಹೋಗಿದ್ದೆ. ಬೆಳಗಿನ ಮೊದಲ ಟ್ರ್ಯಾಕ್ಟರ್ ನಡುವೆಯೇ ನಿಂತಿತು. ಡ್ರೈವರ್ ಇಳಿದು, ನೆಲ ನೋಡುತ್ತ ಒಂದಷ್ಟು ದೂರ ನಡೆದು, ಮರಳಿ ಹತ್ತಿ ಸುತ್ತುಹಾದಿ ಹಿಡಿದ. ಅವನು ಹಿಂತಿರುಗುವಾಗ ಗಾಡಿ ನಿಲ್ಲಿಸಿ, ಇದನ್ನು ಯಾರು ಕಲಿಸಿದ್ದೆಂದು ಕೇಳಿದೆ.

"ಕಲಿಸೋದೇನ್ರಿ? ತತ್ತಿ ಇರ್ತಾವು, ಎಲ್ಲಾರೂ ಹಿಂಗ ನೋಡೇ ಹೋಗ್ತೇವಿ."

ಅವನಿಗೆ ಚಾಚಾ ಯಾರೆಂದೇ ಗೊತ್ತಿರಲಿಲ್ಲ. ನನಗೆ ಎಲ್ಲಿಲ್ಲದ ಖುಷಿಯಾಯಿತು, ಸಂಕಟವೂ ಆಯಿತು... ಈ ಸುದ್ದಿ ಯಾರಿಗೆ ಮೊದಲು ಹೇಳಬೇಕಿತ್ತೋ ಅವರೇ ಇಲ್ಲ.